ವಿಂಡೋಸ್ಸೋ ಲಿನಕ್ಸೋ? ಮೊದಲು ಕನ್ನಡ ಬರೆದು ನೋಡಿ!



ಎಸ್.ಪಿ. ರಸ್ತೆಗೆ ಹೋಗಿ ಕಂಪ್ಯೂಟರ್ ಕೊಳ್ಳುವಾಗ ನೀವು ಏನೇನು ಕೇಳುತ್ತೀರಿ? ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ವಾರಂಟಿ ಎಷ್ಟು ವರ್ಷ, ಕೊನೆಗೆ ಬ್ಯಾಗು ಫ್ರೀನಾ? ಎಲ್ಲವನ್ನೂ ಕೇಳುತ್ತೀರಿ. "ಇದರಲ್ಲಿ ಕನ್ನಡ ಹೇಗೆ ಬರೆಯೋದು, ಒಂದು ಸಾಲು ಬರೆದು ತೋರಿಸಿ" ಎಂದು ಕೇಳಿದ ಒಬ್ಬ ಹುಡುಗನನ್ನೂ ನಾನು ಆ ರಸ್ತೆಯಲ್ಲಿ ಕಂಡಿಲ್ಲ. ಅಂಗಡಿಯವನಾದರೂ ತಾನಾಗಿ ಏಕೆ ತೋರಿಸುತ್ತಾನೆ? ಕೇಳದ ಸರಕನ್ನು ಯಾವ ವ್ಯಾಪಾರಿಯೂ ಶೋಕೇಸಿನಲ್ಲಿ ಇಡುವುದಿಲ್ಲ.

ಈ ಮಾತು ಈಗ ಬರಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಬೇಕಾದವರಿಗೆ ಒಂದು ವರ್ಷದ ಹೆಚ್ಚುವರಿ ರಕ್ಷಣೆ ಎಂದು ಬಾಲ ಸೇರಿಸಿತು, ಅಷ್ಟೇ. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಆಮೇಲಿನದೋ ಪ್ರೊಸೆಸರ್ ಬೇಕು. ಅಂದರೆ 2017ಕ್ಕಿಂತ ಹಿಂದಿನ ಯಂತ್ರಗಳಿಗೆ ಹೆಚ್ಚು ಕಡಿಮೆ ಬಾಗಿಲು ಬಂದ್! ಒಂದು ಸ್ಕ್ರೂ ಸಡಿಲವಾಗದೆ ಓಡುತ್ತಿರುವ ಯಂತ್ರಕ್ಕೆ "ನಿನ್ನ ಕಾಲ ಮುಗಿಯಿತು" ಎಂದು ಸಾವಿರಾರು ಮೈಲಿ ದೂರದಲ್ಲಿ ಕುಳಿತವರು ತೀರ್ಪು ಕೊಟ್ಟರು. ಆ ತೀರ್ಪು ಬಿದ್ದದ್ದು ನಮ್ಮ ಕುರುಬರಹಳ್ಳಿಯ, ಕಮಲಾನಗರದ, ಮಹಾಲಕ್ಷ್ಮಿ ಬಡಾವಣೆಯ, ಬಸವೇಶ್ವರನಗರದ ಮಹಡಿ ಮನೆಗಳ ಮೇಲೆ.

ಈ ಮನೆಗಳಲ್ಲಿ ಎರಡು ಬಗೆಯ ಜನ ಕೆಲಸ ಮಾಡುತ್ತಾರೆ. ಒಂದು, ಐಟಿ ಕಂಪನಿಯಲ್ಲಿ ನೌಕರಿ ಮಾಡುವ ನಿಮ್ಮಂಥವರು. 2020ರ ಮಾರ್ಚ್ 25ಕ್ಕೆ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ಕಂಪನಿಯ ಲ್ಯಾಪ್‌ಟಾಪ್ ಮನೆಗೆ ಬಂತು, ಅಡುಗೆಮನೆಯ ಪಕ್ಕದ ಮೇಜೇ ಆಫೀಸಾಯಿತು. ಇನ್ನೊಂದು, ಯಾರ ಕಣ್ಣಿಗೂ ಬೀಳದವರು: ಮನೆಯಲ್ಲೇ ಕೂತು ಪುಟಕ್ಕಿಷ್ಟು ಎಂದು ಕನ್ನಡ ಅಕ್ಷರ ಜೋಡಿಸುವವರು, ಕರಡು ತಿದ್ದುವವರು, ಅನುವಾದ ಮಾಡುವವರು. ನಿಮ್ಮ ಮದುವೆಯ ಲಗ್ನಪತ್ರಿಕೆ, ನಿಮ್ಮ ತಂಗಿಯ ಗೈಡು, ನಿಮ್ಮ ಮೇಷ್ಟರ ಪಿಎಚ್.ಡಿ. ಪ್ರಬಂಧ, ರಾಜ್ಯೋತ್ಸವಕ್ಕೆ ನೀವು ಹಂಚುವ ಕರಪತ್ರ, ಎಲ್ಲವೂ ಇವರ ಬೆರಳಿನಿಂದ ಬಂದದ್ದು. ಇವರಿಗೆ ಕಂಪನಿ ಲ್ಯಾಪ್‌ಟಾಪ್ ಕೊಡುವುದಿಲ್ಲ. ಇವರ ಯಂತ್ರ ಇವರೇ ಸಾಲ ಮಾಡಿ ತಂದದ್ದು.

ನಮ್ಮ ಪ್ರೆಸ್ಸಿಗೆ ಹಲವು ವರ್ಷಗಳಿಂದ ಅಕ್ಷರ ಜೋಡಿಸಿಕೊಡುವ ಒಬ್ಬ ಹೆಣ್ಣುಮಗಳಿದ್ದಾರೆ. ಗಂಡನಿಗೆ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ, ಎರಡು ಮಕ್ಕಳು, ಪೈಪ್‌ಲೈನ್ ರಸ್ತೆಯ ಕಡೆ ಒಂದು ಬಾಡಿಗೆ ಮನೆ. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಕೀಲಿಮಣೆಯ ಮುಂದೆ ಕುಳಿತರೆ ಮಧ್ಯಾಹ್ನದೊಳಗೆ ಇಪ್ಪತ್ತು ಪುಟ. ತಪ್ಪು ಹುಡುಕಬೇಕೆಂದರೆ ನಾನು ಕನ್ನಡಕ ಒರೆಸಿಕೊಳ್ಳಬೇಕು. ವಿಂಡೋಸ್ 10ರ ಸುದ್ದಿ ಬಂದಾಗ ಅವರು ಒಂದು ಅಂಗಡಿಗೆ ಹೋಗಿ ವಿಚಾರಿಸಿದರು. "ಇದು ಗುಜರಿ ಮೇಡಂ, ಎಕ್ಸ್‌ಚೇಂಜಿಗೆ ಕೊಡಿ, ಹೊಸದು ತಗೊಳ್ಳಿ, ಇಎಂಐ ಮಾಡಿಸ್ಕೊಡ್ತೀನಿ" ಎಂದು ಅಲ್ಲಿಯವನು ಇಂಗ್ಲಿಷು ಹಿಂದಿ ಬೆರೆಸಿದ ಕನ್ನಡದಲ್ಲಿ ಹೇಳಿದ. ಹೊಸದಕ್ಕೆ ಅವರ ಐದಾರು ತಿಂಗಳ ದುಡಿಮೆ ಹೋಗುತ್ತದೆ. ಹೋಗಲಿ ಎನ್ನೋಣ. ಹೊಸದು ಬಂದ ಮೇಲೆ ಅವರ ಹಳೆಯ ಫೈಲುಗಳು? ಅವರು ಜೋಡಿಸುವುದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ! ಅಡೋಬಿ ಕಂಪನಿ ಅದನ್ನು ಕೈಬಿಟ್ಟು ಇನ್‌ಡಿಸೈನ್ ಹಿಂದೆ ಹೋಗಿ ಒಂದು ತಲೆಮಾರೇ ಆಯಿತು. ಹೊಸ ವಿಂಡೋಸಿನಲ್ಲಿ ಕೂರಿಸಲು ಹೋದರೆ ಪೇಜ್‌ಮೇಕರ್ ಮುದುಕನ ಹಾಗೆ ಹಟ ಹಿಡಿಯುತ್ತದೆ. ಒಂದು ದಿನ ಓಡುತ್ತದೆ, ಇನ್ನೊಂದು ದಿನ ಮುಚ್ಚಿಕೊಳ್ಳುತ್ತದೆ.

ಇದು ಅವರೊಬ್ಬರ ಗೋಳಲ್ಲ. ಬೆಂಗಳೂರಿನ ಸಣ್ಣ ಪ್ರೆಸ್ಸುಗಳಲ್ಲಿ ಎಷ್ಟೋ ಕಡೆ ಇವತ್ತಿಗೂ ಪೇಜ್‌ಮೇಕರೇ ದೊರೆ. ಏಕೆಂದು ಕೇಳಿದರೆ ನಮ್ಮ ಹುಡುಗರು ನಗುತ್ತಾರೆ. ನಗುವ ಮುನ್ನ ಸ್ವಲ್ಪ ಇತಿಹಾಸ ತಿಳಿಯಿರಿ.

ಪಿಯುಸಿ ಮುಗಿಸಿ ನಾನು ಡಿಟಿಪಿ ಕಲಿಯಲು ಕುಳಿತ ಕಾಲಕ್ಕೆ ಅಚ್ಚುಮೊಳೆ ಮೂಲೆ ಸೇರುತ್ತಿತ್ತು. ಆಗ ಕಂಪ್ಯೂಟರಿನಲ್ಲಿ ಕನ್ನಡ ಎಂದರೆ ಶ್ರೀಲಿಪಿ, ಆಕೃತಿ, ಪ್ರಕಾಶಕ. ದುಡ್ಡು ಕೊಟ್ಟು ಕೊಂಡರೂ ಕಂಪ್ಯೂಟರಿನ ಹಿಂದೆ ಡಾಂಗಲ್ ಎಂಬ ಬೀಗ ಸಿಕ್ಕಿಸಬೇಕಿತ್ತು. ಅದು ಕಳೆದರೆ ಕನ್ನಡವೂ ಕಳೆದಂತೆ! ಒಬ್ಬರಲ್ಲಿ ಜೋಡಿಸಿದ್ದು ಇನ್ನೊಬ್ಬರಲ್ಲಿ ತೆರೆಯುತ್ತಿರಲಿಲ್ಲ, ಏಕೆಂದರೆ ಪ್ರತಿ ಕಂಪನಿಯೂ ಇಂಗ್ಲಿಷಿನ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ತನಗೆ ತೋಚಿದಂತೆ ಕನ್ನಡದ ಚೂರುಗಳನ್ನು ಕೂರಿಸಿತ್ತು. ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಇದನ್ನೇ ಡಿಟಿಪಿಯವರು ಆನ್ಸಿ ಎನ್ನುತ್ತಾರೆ. ನುಡಿಯ ಹಳೆಯ ಫಾಂಟಿನಲ್ಲಿ 'ಕ' ಎಂದು ಬರೆದದ್ದನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದು ನೋಡಿ. ಇಂಗ್ಲಿಷಿನ ಒಂದು 'ಪಿ', ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ಒಂದು 'ಎ' ಕಾಣುತ್ತದೆ. ಅಂದರೆ ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ. ಕನ್ನಡದ ವೇಷ ಹಾಕಿದ ಇಂಗ್ಲಿಷು!

ಆ ಕತ್ತಲಲ್ಲಿ ದೀಪ ಹಚ್ಚಿದವರೂ ಇದ್ದರು. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೇ ಕನ್ನಡವನ್ನು ಉಚ್ಚಾರಣೆಗೆ ತಕ್ಕಂತೆ ಹೊಂದಿಸಿದರು. ಅದೇ ಮುಂದೆ ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಕಗಪ ವಿನ್ಯಾಸವಾಗಿ, ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೆ ತಲುಪಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಕೂತು, ಕಂಪ್ಯೂಟರಿನಲ್ಲಿ ಬೆಳೆಯದ ಭಾಷೆಗೆ ಉಳಿಗಾಲವಿಲ್ಲ ಎಂಬ ಆತಂಕದಿಂದ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದರು. ಇವರು ಯಾರೂ ಬೀದಿಯಲ್ಲಿ ಘೋಷಣೆ ಕೂಗಿದವರಲ್ಲ. ಆದರೆ ಇವರು ಮಾಡಿದ್ದೂ ಹೋರಾಟವೇ.

ಇನ್ನೊಂದು ಕಡೆ ಯೂನಿಕೋಡ್ ಬಂತು. ನಮ್ಮ ಬಿಡಿಎ ಸೈಟು ಹಂಚುವ ಹಾಗೆ ಅದು ಜಗತ್ತಿನ ಪ್ರತಿ ಲಿಪಿಗೂ ಶಾಶ್ವತ ಸೈಟು ಹಂಚಿತು. ಕನ್ನಡಕ್ಕೆ ಸಿಕ್ಕಿದ್ದು 3200ರಿಂದ 3327ರವರೆಗೆ 128 ಮನೆಗಳು. 'ಕ' ಅಕ್ಷರದ ಮನೆ ನಂಬರ್ 3221. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ನಿಮ್ಮ ಕೈಯ ಮೊಬೈಲ್ ಇರಲಿ, 3221 ಎಂದರೆ 'ಕ'ವೇ, ಬೇರೆ ಏನೂ ಅಲ್ಲ. 1991ರ ಮೊದಲ ಆವೃತ್ತಿಯಲ್ಲೇ ನಮ್ಮ ಸೈಟು ಮಂಜೂರಾಗಿತ್ತು. ಮನೆ ಕಟ್ಟಲು ಮಾತ್ರ ಹತ್ತು ವರ್ಷ ಬೇಕಾಯಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟ್ ಹೊತ್ತು ಬಂದಾಗಲೇ ಮೈಕ್ರೋಸಾಫ್ಟಿನ ಯಂತ್ರಕ್ಕೆ ಕನ್ನಡ ನೆಟ್ಟಗೆ ತಿಳಿದದ್ದು.

ಅಷ್ಟು ಹೊತ್ತಿಗೆ ಪ್ರೆಸ್ಸುಗಳು ಆನ್ಸಿಗೆ ಒಗ್ಗಿಹೋಗಿದ್ದವು. ಪೇಜ್‌ಮೇಕರಿಗೆ ಯೂನಿಕೋಡ್ ಬರುವುದಿಲ್ಲ. ಹೀಗೆ ಒಂದಕ್ಕೊಂದು ಗಂಟು ಬಿದ್ದು ನಮ್ಮ ಹೆಣ್ಣುಮಗಳು ಆನ್ಸಿಗೆ, ಆನ್ಸಿಗಾಗಿ ಪೇಜ್‌ಮೇಕರಿಗೆ, ಪೇಜ್‌ಮೇಕರಿಗಾಗಿ ಹಳೇ ವಿಂಡೋಸಿಗೆ ಜೋತುಬಿದ್ದರು. ಈಗ ಆ ಹಗ್ಗದ ತುದಿಯನ್ನೇ ಕಂಪನಿ ಬಿಟ್ಟಿದೆ.

ಸರಿ, ಏನು ಮಾಡಬೇಕು?

ಲಿನಕ್ಸ್ ಅಭಿಮಾನಿಗಳಾದ ಕೆಲವು ಗೆಳೆಯರು ನನಗೆ ಸಿಗುತ್ತಾರೆ. "ವಿಂಡೋಸ್ ಕಿತ್ತು ಬಿಸಾಕಿ ಅಣ್ಣಾ, ಉಬುಂಟು ಹಾಕಿ, ಎಲ್ಲ ಪುಕ್ಕಟೆ" ಎನ್ನುತ್ತಾರೆ. ಉತ್ಸಾಹ ಒಳ್ಳೆಯದೇ. ಆದರೆ ನಾಳೆ ಬೆಳಗ್ಗೆ ಗಿರಾಕಿ ಹತ್ತು ವರ್ಷದ ಹಿಂದಿನ ಪುಸ್ತಕದ ಮರುಮುದ್ರಣ ಕೇಳಿದರೆ ಪೇಜ್‌ಮೇಕರ್ ಫೈಲನ್ನು ಲಿನಕ್ಸ್ ತೆರೆಯುತ್ತದೆಯೇ? ಬೆಂಗಳೂರಿನದೇ ಕಂಪನಿಯ ಟ್ಯಾಲಿಯಲ್ಲಿ ನಮ್ಮ ಲೆಕ್ಕ ಇದೆ, ಅದು ವಿಂಡೋಸಿನದು. ವೈನ್ ಎಂಬ ಉಪಾಯದಿಂದ ವಿಂಡೋಸಿನ ಕೆಲವು ತಂತ್ರಾಂಶ ಲಿನಕ್ಸಿನಲ್ಲಿ ಓಡುತ್ತವೆ ನಿಜ. ಓಡುವುದಕ್ಕೂ ಹೊಟ್ಟೆಪಾಡಿಗೆ ನಂಬಿ ಕೂರುವುದಕ್ಕೂ ವ್ಯತ್ಯಾಸವಿದೆ. ಇನ್ನು ಕೆಲವರು ಮ್ಯಾಕ್ ಎನ್ನುತ್ತಾರೆ. ಅಕ್ಷರ ಅದರಲ್ಲಿ ಕಣ್ಣಿಗೆ ಒತ್ತಿಕೊಳ್ಳುವಷ್ಟು ಚೆನ್ನಾಗಿ ಕಾಣುತ್ತದೆ, ಒಪ್ಪಿದೆ. ಆದರೆ 2020ರ ಕೊನೆಯಲ್ಲಿ ಆಪಲ್ ತನ್ನದೇ ಚಿಪ್ಪಿಗೆ ಹೊರಳಿದ ಮೇಲೆ ಆ ಹೊಸ ಯಂತ್ರಗಳಲ್ಲಿ ಮೊದಲಿನಂತೆ ವಿಂಡೋಸನ್ನು ನೇರವಾಗಿ ಕೂರಿಸಲಾಗದು. ಬೆಲೆಯ ಮಾತು ಬೇಡವೇ ಬೇಡ.

ಹಾಗಾಗಿ ನನ್ನ ತೀರ್ಮಾನ ಇದು: ಒಂದೇ ಯಂತ್ರ, ಅದರಲ್ಲಿ ವಿಂಡೋಸೂ ಇರಲಿ, ಲಿನಕ್ಸೂ ಇರಲಿ. ದಿನದ ಕೆಲಸ, ಹೊಸ ಕೆಲಸ ಲಿನಕ್ಸಿನಲ್ಲಿ. ಹಳೆಯ ಗಂಟು ಬಿಚ್ಚುವ ಕೆಲಸ ವಿಂಡೋಸಿನಲ್ಲಿ. ಎರಡರ ನಡುವೆ ನಿಮ್ಮ ಕನ್ನಡ ಮಾತ್ರ ಕೂದಲೆಳೆಯಷ್ಟೂ ಕೆಡಬಾರದು. ಕಂಪ್ಯೂಟರ್ ಆರಿಸುವುದೆಂದರೆ ಈ ಕೊನೆಯ ಮಾತಿಗೆ ಒಗ್ಗುವ ಯಂತ್ರವನ್ನು ಆರಿಸುವುದು. ಉಳಿದದ್ದೆಲ್ಲ ಅಂಗಡಿಯವನ ಬಣ್ಣ.

ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಎಸ್.ಪಿ. ರಸ್ತೆಯಲ್ಲಿ ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಎಂಟನೇ ತಲೆಮಾರಿನದೋ ಅದರ ಮೇಲಿನದೋ ನೋಡಿ ತೆಗೆದುಕೊಂಡರೆ ವಿಂಡೋಸ್ 11ಕ್ಕೂ ತೊಂದರೆಯಿಲ್ಲ. ರ‍್ಯಾಮ್ 16 ಜಿಬಿ ಇರಲಿ. 8 ಇದ್ದರೆ ಆಮೇಲೆ ಇನ್ನೊಂದು ಸೇರಿಸಲು ಜಾಗ ಇದೆಯೇ ಎಂದು ಹಿಂಬದಿ ಬಿಚ್ಚಿಸಿ ನೋಡಿ. ಈಗಿನ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ತೆಗೆಯಲೂ ಆಗದು, ಸೇರಿಸಲೂ ಆಗದು. ಡಿಸ್ಕು ಎಸ್‌ಎಸ್‌ಡಿಯೇ ಆಗಿರಲಿ. ಎರಡು ಡಿಸ್ಕು ಹಿಡಿಯುವ ಯಂತ್ರ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್. ಅಣ್ಣತಮ್ಮಂದಿರಿಗೆ ಬೇರೆ ಬೇರೆ ಮನೆ ಮಾಡಿಕೊಟ್ಟ ಹಾಗೆ, ಜಗಳವಿಲ್ಲ. ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಟ್ಟರೆ ವಿಂಡೋಸ್ ಅಪ್‌ಡೇಟ್ ಆದಾಗ ಒಮ್ಮೊಮ್ಮೆ ಲಿನಕ್ಸಿನ ಬಾಗಿಲನ್ನೇ ಮುಚ್ಚಿಬಿಡುತ್ತದೆ.

ಮನೆಯಲ್ಲೇ ಕೂರಿಸುವುದಾದರೆ ಡೆಸ್ಕ್‌ಟಾಪ್ ಅಗ್ಗ, ದುರಸ್ತಿಯೂ ಸುಲಭ. ಆದರೆ ಕರೆಂಟ್ ಹೋದಾಗ ಎರಡು ಪುಟ ಹೋಯಿತು ಎಂದು ಬೆಸ್ಕಾಂ ಬೈಯುತ್ತಾ ಕೂರಬೇಡಿ, ಯುಪಿಎಸ್ ಸೇರಿಸಿಯೇ ಲೆಕ್ಕ ಹಾಕಿ.

ಈಗ ಅಂಗಡಿಯ ಕೌಂಟರಿನ ಮುಂದೆ ಮಾಡಬೇಕಾದ ಪರೀಕ್ಷೆ. ಒಂದು ಪೆನ್‌ಡ್ರೈವಿನಲ್ಲಿ ಉಬುಂಟು ತುಂಬಿಸಿಕೊಂಡು ಹೋಗಿ. ಯಂತ್ರದಲ್ಲಿ ಏನನ್ನೂ ಅಳಿಸದೆ, ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡುತ್ತದೆ. ಅಂಗಡಿಯವನು ಮುಖ ಸಿಂಡರಿಸಿದರೆ "ಅಣ್ಣ, ದುಡ್ಡು ನಂದು" ಎನ್ನಿ, ನಗುತ್ತಲೇ ಎನ್ನಿ. ವೈಫೈ ಹಿಡಿಯುತ್ತದೆಯೇ, ಸ್ಪೀಕರ್ ಕೂಗುತ್ತದೆಯೇ, ಪರದೆಯ ಬೆಳಕು ಹೆಚ್ಚು ಕಡಿಮೆ ಆಗುತ್ತದೆಯೇ, ಮಡಚಿ ತೆರೆದರೆ ಎಚ್ಚರಗೊಳ್ಳುತ್ತದೆಯೇ ನೋಡಿ. ಹತ್ತು ನಿಮಿಷದ ಕೆಲಸ. ಆಮೇಲೆ ಸೆಟ್ಟಿಂಗ್ಸಿನಲ್ಲಿ ಕೀಬೋರ್ಡ್ ಎಂಬಲ್ಲಿಗೆ ಹೋಗಿ ಕನ್ನಡ ಹುಡುಕಿ. ಅಲ್ಲಿ ಏನು ಕಾಣುತ್ತದೆ ಗೊತ್ತೇ? ಕನ್ನಡ, ಕಗಪ! ನಮ್ಮ ಕೆ.ಪಿ. ರಾಯರ ವಿನ್ಯಾಸ ಲಿನಕ್ಸಿನೊಳಗೆ ಮೊದಲೇ ಕುಳಿತಿದೆ, ಯಾವ ತಂತ್ರಾಂಶವನ್ನೂ ಹೊರಗಿನಿಂದ ತರಬೇಕಿಲ್ಲ. ವಿಂಡೋಸಿನಲ್ಲಿ ತಾನಾಗಿ ಬರುವುದು ಇನ್‌ಸ್ಕ್ರಿಪ್ಟ್, ಜತೆಗೆ 2019ರಿಂದ ಇಂಗ್ಲಿಷ್ ಉಚ್ಚಾರಣೆಯಿಂದ ಬರೆಯುವ ಫೊನೆಟಿಕ್. ಅಲ್ಲಿ ಕಗಪ ಬೇಕಾದರೆ ನುಡಿ ಹಾಕಿಕೊಂಡು ಯೂನಿಕೋಡ್ ಆಯ್ಕೆ ಮಾಡಿಕೊಳ್ಳಬೇಕು. ಸ್ವರ ಬರೆಯುವಲ್ಲಿ ನುಡಿಗೂ ಲಿನಕ್ಸಿನ ಕಗಪಕ್ಕೂ ಸ್ವಲ್ಪ ವ್ಯತ್ಯಾಸವಿದೆ, ಎರಡು ದಿನ ಕೈ ತಡವರಿಸುತ್ತದೆ. ನಮ್ಮ ಹೆಣ್ಣುಮಗಳಿಗೆ ಒಂದೇ ದಿನ ಸಾಕಾಯಿತು.

ಕಗಪವನ್ನೇ ಏಕೆ ಹಿಡಿದು ಕೂರಬೇಕು ಎಂದು ಕೇಳಬಹುದು. 'ಕನ್ನಡ' ಎಂದು ಬರೆಯಲು ಕಗಪದಲ್ಲಿ ಐದು ಕೀಲಿ: ಕ, ನ, ಜೋಡಿಸುವ ಎಫ್, ಮತ್ತೆ ನ, ಆಮೇಲೆ ಡ. ಅದನ್ನೇ ಇಂಗ್ಲಿಷ್ ಕಾಗುಣಿತದಲ್ಲಿ ಕುಟ್ಟಿದರೆ ಏಳು. ದಿನಕ್ಕೆ ಇಪ್ಪತ್ತು ಪುಟ ಜೋಡಿಸುವವರ ಬೆರಳಿಗೆ ಆ ಎರಡು ಕೀಲಿಯ ಬೆಲೆ ಗೊತ್ತು. ಅದಕ್ಕಿಂತ ಮುಖ್ಯವಾದದ್ದು, ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡ ಬರೆಯುವ ಆ ಅಭ್ಯಾಸ ನಿಮ್ಮ ತಲೆಯೊಳಗೆ ಒಬ್ಬ ಬಾಡಿಗೆದಾರನನ್ನು ಕೂರಿಸುತ್ತದೆ.

ಕೀಲಿಮಣೆ ಸಿಕ್ಕಿತಲ್ಲ, ಈಗ ನಾಲ್ಕು ಪದ ಬರೆಯಿರಿ: ಸ್ವಾತಂತ್ರ್ಯ, ಕ್ರೌರ್ಯ, ಅರ್ಕಾವತ್ತು, ರ‍್ಯಾಂಕ್. ಈ ನಾಲ್ಕು ಸರಿಯಾಗಿ ಮೂಡಿದರೆ ಉಳಿದದ್ದೂ ಮೂಡುತ್ತದೆ. 'ಸ್ವಾತಂತ್ರ್ಯ'ದ ಒತ್ತು ಒಡೆದು ಪಕ್ಕಕ್ಕೆ ಬಿದ್ದರೆ ಆ ತಂತ್ರಾಂಶಕ್ಕೆ ಕನ್ನಡ ಬರುವುದಿಲ್ಲ ಎಂದರ್ಥ. ಅದೇ ಪದಗಳನ್ನು ವಿಂಡೋಸಿನಲ್ಲಿ ತೆರೆದು ನೋಡಿ, ಅಲ್ಲೂ ಅದೇ ರೂಪ ಇರಬೇಕು. ಇಷ್ಟನ್ನು ನೋಡದೆ ಬಿಲ್ ಹಾಕಿಸಬೇಡಿ.

ಫಾಂಟಿನ ವಿಷಯದಲ್ಲಿ ಮುದ್ರಕನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ವಿಂಡೋಸಿನ ತುಂಗಾ, ನಿರ್ಮಲಾ ಫಾಂಟುಗಳು ಮೈಕ್ರೋಸಾಫ್ಟಿನವು. ಅವುಗಳಲ್ಲಿ ಪುಸ್ತಕ ಜೋಡಿಸಿ ಲಿನಕ್ಸಿನಲ್ಲಿ ತೆರೆದರೆ ಅಲ್ಲಿ ಆ ಫಾಂಟ್ ಇರುವುದಿಲ್ಲ, ಅದು ಬೇರೊಂದನ್ನು ಹಾಕಿ ತೋರಿಸುತ್ತದೆ. ಅಕ್ಷರದ ಅಗಲ ಬೇರೆ, ಸಾಲು ಜರುಗುತ್ತದೆ, 96 ಪುಟದ ಪುಸ್ತಕ 98 ಆಗುತ್ತದೆ. ಎರಡು ಪುಟ ತಾನೇ ಎನ್ನಬೇಡಿ! ಹದಿನಾರು ಪುಟಕ್ಕೊಂದು ಫಾರಂ. 96 ಪುಟ ಎಂದರೆ ಸರಿಯಾಗಿ ಆರು ಫಾರಂ. 98 ಆದರೆ ಇನ್ನೊಂದು ಫಾರಂ, ಇನ್ನಷ್ಟು ಪ್ಲೇಟು, ಇನ್ನಷ್ಟು ಕಾಗದ. ಆ ದುಡ್ಡು ಯಾರ ಜೇಬಿನಿಂದ? ಆದ್ದರಿಂದ ಎರಡೂ ಕಡೆ ಹಾಕಿಕೊಳ್ಳಬಹುದಾದ ಮುಕ್ತ ಫಾಂಟನ್ನೇ ಮೊದಲ ದಿನದಿಂದ ಬಳಸಿ. ನೋಟೋ ಇದೆ, ಲೋಹಿತ್ ಇದೆ, ಪುಸ್ತಕಕ್ಕೆ ಒಪ್ಪುವ ತಿರೋ ಕನ್ನಡ ಇದೆ. ನಮ್ಮ ಕನ್ನಡದ ಹುಡುಗರ ಶ್ರಮದಿಂದ ಬಂದ ಗುಬ್ಬಿ ಮತ್ತು ನವಿಲು ಎಂಬ ಎರಡು ಮುದ್ದಾದ ಫಾಂಟುಗಳು ಉಬುಂಟುವಿನ ಭಂಡಾರದಲ್ಲೇ ಇವೆ. ಒಂದು ಕಾಸು ಕೊಡಬೇಕಿಲ್ಲ, ಹಿಂದೆ ಡಾಂಗಲ್ ಸಿಕ್ಕಿಸಬೇಕಿಲ್ಲ.

ಪುಟ ವಿನ್ಯಾಸಕ್ಕೆ ಏನು ಮಾಡುವುದು? ಇನ್‌ಡಿಸೈನ್ ಕನ್ನಡ ಯೂನಿಕೋಡನ್ನು ಚೆನ್ನಾಗಿ ಹಿಡಿಯುತ್ತದೆ. ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆ ಒತ್ತಿರಬೇಕು, ಇಲ್ಲವಾದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಆದರೆ ಅದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು, ಲಿನಕ್ಸಿಗೆ ಅದು ಬರುವುದೂ ಇಲ್ಲ. ಸ್ಕ್ರೈಬಸ್ ಎಂಬುದು ಪುಕ್ಕಟೆ, ಎರಡೂ ಕಡೆ ಓಡುತ್ತದೆ. 2024ರ ಜನವರಿಯಲ್ಲಿ ಬಂದ 1.6 ಆವೃತ್ತಿಯಿಂದ ನಮ್ಮಂಥ ಒತ್ತಕ್ಷರದ ಲಿಪಿಗಳು ಅದರಲ್ಲಿ ಸರಿಯಾಗಿ ಮೂಡುತ್ತವೆ. ಬಣ್ಣ ಬೇರ್ಪಡಿಸಿ ಪ್ರೆಸ್ಸಿಗೆ ಬೇಕಾದ ಪಿಡಿಎಫ್ ಕೊಡುತ್ತದೆ. ಪೇಜ್‌ಮೇಕರಿನಷ್ಟು ಕೈಗೆ ಸರಾಗವೇ? ಇಲ್ಲ, ಒಂದು ತಿಂಗಳು ಬೈದುಕೊಳ್ಳುತ್ತೀರಿ. ಬರೀ ಬರಹ, ಪ್ರಬಂಧ, ಅನುವಾದಕ್ಕೆ ಲಿಬ್ರೆ ಆಫೀಸ್ ಸಾಕು. ಅದರ ಮೆನುವನ್ನೇ ಕನ್ನಡಕ್ಕೆ ತಿರುಗಿಸಬಹುದು. ತಿರುಗಿಸಿ ನೋಡಿದ್ದೀರಾ?

ಹಳೆಯ ಪೇಜ್‌ಮೇಕರ್ ಫೈಲುಗಳಿಗೆ ಇನ್ನೊಂದು ದಾರಿ ಇದೆ. ಲಿನಕ್ಸಿನೊಳಗೆ ವರ್ಚುವಲ್‌ಬಾಕ್ಸ್ ಹಾಕಿದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ. ನಿಮ್ಮಲ್ಲಿ ಲೈಸೆನ್ಸ್ ಇರುವ ಹಳೇ ವಿಂಡೋಸನ್ನು ಅದರಲ್ಲಿ ಕೂರಿಸಿ, ಇಂಟರ್‌ನೆಟ್ ಕಿತ್ತು, ಪೇಜ್‌ಮೇಕರನ್ನು ಅಲ್ಲೇ ವೃದ್ಧಾಪ್ಯ ಕಳೆಯಲು ಬಿಡಿ. ರ‍್ಯಾಮ್ 16 ಇರಲಿ ಎಂದದ್ದು ಇದಕ್ಕೇ. ಆನ್ಸಿಯನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ತಿರುಗಿಸಿದ ಮೇಲೆ ಒಮ್ಮೆ ಕಣ್ಣಿಟ್ಟು ಓದಿ, ನಡುವೆ ಬಂದ ಇಂಗ್ಲಿಷ್ ಪದಗಳು, ಅಂಕಿಗಳು ಒಮ್ಮೊಮ್ಮೆ ಕೆಡುತ್ತವೆ.

ಎರಡು ಆಪರೇಟಿಂಗ್ ಸಿಸ್ಟಂ ಇಟ್ಟವರಿಗೆ ಸಣ್ಣಪುಟ್ಟ ಕಿರಿಕಿರಿ ಇದ್ದೇ ಇದೆ. ಲಿನಕ್ಸಿನಿಂದ ವಿಂಡೋಸಿಗೆ ಹೋದರೆ ಒಮ್ಮೊಮ್ಮೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಯಂತ್ರ ಕೆಟ್ಟಿಲ್ಲ, ಲಿನಕ್ಸ್ ಒಳಗಡಿಯಾರದಲ್ಲಿ ಗ್ರೀನ್‌ವಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಬೆಂಗಳೂರಿನ ಸಮಯ ಎಂದುಕೊಳ್ಳುತ್ತದೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆರಿಸಿಬಿಡಿ, ಇಲ್ಲದಿದ್ದರೆ ಅದರ ಡಿಸ್ಕಿಗೆ ಲಿನಕ್ಸಿನಿಂದ ಬರೆಯಲು ಆಗದು. ಲಿನಕ್ಸ್ ಹಾಕುವ ಮುನ್ನ ಬಿಟ್‌ಲಾಕರ್ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಫೈಲುಗಳ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಇರಲಿ. ಕೀಲಿಮಣೆಯಲ್ಲಿ ಕನ್ನಡ ಇಂಗ್ಲಿಷ್ ಬದಲಿಸಲು ಮಾತ್ರ ಎರಡೂ ಕಡೆ ಒಂದೇ ಉಪಾಯ, ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್.

ಐಟಿ ಗೆಳೆಯರಿಗೆ ಒಂದು ಮಾತು. ಕಂಪನಿಯ ಲ್ಯಾಪ್‌ಟಾಪಿನಲ್ಲಿ ನಿಮ್ಮ ಕನ್ನಡದ ಕೆಲಸ ಇಡಬೇಡಿ. ಅದರಲ್ಲಿ ಏನು ಹಾಕಬೇಕೆಂದು ತೀರ್ಮಾನಿಸುವವರು ನೀವಲ್ಲ. ಕೆಲಸ ಬಿಟ್ಟ ದಿನ ಅದು ವಾಪಸ್ ಹೋಗುತ್ತದೆ, ಜತೆಗೆ ನೀವು ಬರೆದದ್ದೂ ಹೋಗುತ್ತದೆ. ನಿಮ್ಮದೇ ಒಂದು ಯಂತ್ರ ಇರಲಿ, ಹಳೆಯದಾದರೂ ಸರಿ.

ನಮ್ಮ ಹೆಣ್ಣುಮಗಳ ಯಂತ್ರಕ್ಕೆ ಏನಾಯಿತು ಎಂದು ಕೇಳುತ್ತೀರಿ. ಅಂಗಡಿಯವನು ಗುಜರಿ ಎಂದ ಅದೇ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ, ಇನ್ನೊಂದು ತುಂಡು ರ‍್ಯಾಮ್ ಹಾಕಿಸಿದೆವು. ಉಬುಂಟು ಕೂರಿಸಿದೆವು. ಹಳೇ ಡಿಸ್ಕಿನಲ್ಲಿ ವಿಂಡೋಸ್ 10 ಹಾಗೇ ಇದೆ, ಇಂಟರ್‌ನೆಟ್ ಇಲ್ಲದೆ, ಮರುಮುದ್ರಣದ ಕೆಲಸಕ್ಕೆ ಮಾತ್ರ. ಹೊಸ ಕೆಲಸವೆಲ್ಲ ಯೂನಿಕೋಡಿನಲ್ಲಿ. ಈಗ ಅವರ ಬಳಿ ಇ-ಪುಸ್ತಕದ ಕೆಲಸವೂ ಬರುತ್ತಿದೆ, ಆನ್ಸಿಯಲ್ಲಿ ಇದ್ದಿದ್ದರೆ ಅದು ಸಿಗುತ್ತಿರಲಿಲ್ಲ.

ಆದರೂ ಪೂರ್ತಿ ಗೆದ್ದೆವು ಎನ್ನುವಂತಿಲ್ಲ. ಮೊನ್ನೆ ಒಂದು ಕಚೇರಿ, ಹೆಸರು ಬೇಡ, ಕನ್ನಡದ್ದೇ ಕೆಲಸ ಮಾಡುವ ಕಚೇರಿ, ನಾವು ಯೂನಿಕೋಡಿನಲ್ಲಿ ಕೊಟ್ಟ ಕರಡನ್ನು ವಾಪಸ್ ಕಳಿಸಿತು. "ನಮ್ಮ ಸಿಸ್ಟಂನಲ್ಲಿ ಹಳೇ ಫಾಂಟೇ ಇರೋದು, ಅದರಲ್ಲೇ ಕೊಡಿ" ಎಂದರು! ಸರ್ಕಾರವೇ ಯೂನಿಕೋಡ್ ಬಳಸಿ ಎಂದು ಹೇಳಿ ವರ್ಷಗಳಾದವು. ನಾಮಫಲಕದಲ್ಲಿ ಕನ್ನಡ ಇಲ್ಲದಿದ್ದರೆ ಮಸಿ ಡಬ್ಬ ಹಿಡಿದು ಹೊರಡುವ ನಾವು, ಕಂಪ್ಯೂಟರಿನೊಳಗೆ ಕನ್ನಡದ ಜಾಗದಲ್ಲಿ 'ಪಿ'ಯೂ ಗೀಟಿನ 'ಎ'ಯೂ ಕೂತಿದ್ದರೆ ಏಕೆ ಸುಮ್ಮನಿದ್ದೇವೆ? ನಿಮ್ಮ ಬ್ಯಾಂಕಿಗೆ, ನಿಮ್ಮ ಕಾಲೇಜಿಗೆ, ನಿಮ್ಮ ವಾರ್ಡ್ ಕಚೇರಿಗೆ ಅರ್ಜಿ ಬರೆಯಿರಿ. ಕಡತಗಳನ್ನು ಯೂನಿಕೋಡ್ ಕನ್ನಡದಲ್ಲಿ ಕೊಡಿ, ಯೂನಿಕೋಡ್ ಕನ್ನಡದಲ್ಲಿ ಕೊಟ್ಟದ್ದನ್ನು ಸ್ವೀಕರಿಸಿ ಎಂದು ಕೇಳಿ. ಪ್ರಕಾಶಕರಿಗೂ ಕೇಳಿ. ಆನ್ಸಿಯಲ್ಲಿ ಕೊಟ್ಟರೆ ಮಾತ್ರ ಕೆಲಸ ಎನ್ನುವ ಪ್ರೆಸ್ಸು ಇದ್ದರೆ, ಅದು ನನ್ನ ಸ್ನೇಹಿತರದ್ದೇ ಆಗಿರಲಿ, ಅವರಿಗೂ ಮುಖಕ್ಕೆ ಹೇಳಿ.

ಇನ್ನು ಮುಂದೆ ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಕುರುಬರಹಳ್ಳಿಯಲ್ಲಿರುವ ನಮ್ಮ ಪ್ರೆಸ್ಸಿನ ಬಾಗಿಲು ಇದಕ್ಕೇ ತೆರೆದಿರುತ್ತದೆ. ಮನೆಯಲ್ಲಿ ಮೂಲೆ ಸೇರಿದ ಯಂತ್ರ ಇದ್ದರೆ ಹೊತ್ತು ತನ್ನಿ. ನಿಮ್ಮ ಬೀದಿಯಲ್ಲಿ ಮನೆಯಲ್ಲೇ ಅಕ್ಷರ ಜೋಡಿಸುವವರು ಇದ್ದರೆ ಅವರನ್ನು ಕರೆತನ್ನಿ, ಲಿನಕ್ಸ್ ಬಲ್ಲ ಹುಡುಗರು ಇದ್ದರೆ ಅವರನ್ನಂತೂ ಬಿಡಬೇಡಿ, ಎಳೆದು ತನ್ನಿ. ಫೈಲುಗಳ ಪ್ರತಿ ಮನೆಯಲ್ಲೇ ತೆಗೆದಿಟ್ಟು ಬನ್ನಿ. ಖಾಲಿ ಪೆನ್‌ಡ್ರೈವ್ ಮತ್ತು ಚಾರ್ಜರ್ ಮರೆಯಬೇಡಿ, ಹೋದ ವಾರ ಬಂದ ಐವರಲ್ಲಿ ಮೂವರು ಚಾರ್ಜರನ್ನೇ ಬಿಟ್ಟು ಬಂದಿದ್ದರು.